ಇಂಗ್ಲಿಷ್ ಬರವಣಿಗೆಯ ಮಟ್ಟವನ್ನು ಅರಿಯುವ ಬಗೆ

“ನಮ್ಮ ಹುಡುಗಿಯ ಇಂಗ್ಲಿಷ್ ಹೇಗಿದೆ?” ಎಂದು ಪಾಲಕರು ನಮ್ಮನ್ನು ಪದೇ ಪದೇ ಕೇಳುವದುಂಟು. ಉತ್ತರವಾಗಿ ಒಂದು ಅಂಕೆಯನ್ನು ಹೇಳಿಬಿಡುವದು ಸುಲಭ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕನ್ನಡ ಮಾಧ್ಯಮದವರಿಗೆ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ 100 ಅಂಕಗಳಿದ್ದು, ಅವುಗಳಲ್ಲಿ 80 ಲಿಖಿತ ಪರೀಕ್ಷೆಗೆ ಸಲ್ಲುತ್ತವೆ. ಆದರೆ 80ರಲ್ಲಿ 45 ಪಡೆದವಳು ಯಾರ ಸಹಾಯವೂ ಇಲ್ಲದೆ ಒಂದು ಪತ್ರವನ್ನು ಬರೆಯಬಲ್ಲಳೋ ಇಲ್ಲವೋ ಎಂಬುದು ಆ ಅಂಕೆಯಿಂದ ತಿಳಿಯಲಾರದು. ಹತ್ತನೆಯ ಇಯತ್ತೆ ಮುಗಿಸಿ ವಿಜ್ಞಾನ ಶಾಖೆಗೆ ಸೇರುವವಳ ಮುಂದೆ ಇಂಗ್ಲಿಷ್ ಪುಸ್ತಕಗಳೇ ಬಂದು ನಿಲ್ಲುವದರಿಂದ ಈ ಅಜ್ಞಾನವು ಸಣ್ಣದಲ್ಲ. ‘ಇಂಗ್ಲಿಷ್ ಬಾರದು’ ಎಂಬ ಒಂದೇ ಮಾತಿಗೆ ಬುದ್ಧಿವಂತೆಯಾದ ಹುಡುಗಿಯು ಆ ದಾರಿಯನ್ನೇ ಬಿಟ್ಟುಬಿಡುವದುಂಟು.

ಬೈತಖೋಲದ ಬಂದರಿನ ಸುತ್ತಲಿನ ಅನೇಕ ಮನೆಗಳಲ್ಲಿ ಕೊಂಕಣಿಯೇ ಆಡುಮಾತು. ಕನ್ನಡವು ಶಾಲೆಯಲ್ಲಿ ಕೂಡಿಕೊಳ್ಳುವ ಭಾಷೆ. ಇಂಗ್ಲಿಷು 2007-08ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೆಯ ಇಯತ್ತೆಯಿಂದಲೇ ಬಂದಿದ್ದರೂ, ಇಂಥ ಮಗುವಿಗೆ ಅದು ಮೂರನೆಯ ನುಡಿಯೇ ಸರಿ. ಆದುದರಿಂದ ಅವಳ ತಪ್ಪುಗಳನ್ನು ಎಣಿಸುವದಕ್ಕಿಂತ ಮೊದಲು ಅವು ಎಲ್ಲಿಂದ ಬಂದವೆಂಬುದನ್ನು ನೋಡತಕ್ಕದ್ದು.

“ಮೈ ಫಾದರ್ ಮಾರ್ನಿಂಗ್ ಫಿಶ್ ಕ್ಯಾಚ್ಡ್” ಎಂದು ಒಬ್ಬಳು ಬರೆದಳೆನ್ನೋಣ. ಕ್ರಿಯಾಪದವು ಕೊನೆಗೆ ಬಂದುದು ಕೊಂಕಣಿ, ಕನ್ನಡಗಳೆರಡರ ರೂಢಿಯಿಂದ. ‘ಕ್ಯಾಚ್ಡ್’ ಎಂಬ ರೂಪವಂತೂ ಯಾರೂ ಕಲಿಸಿದ್ದಲ್ಲ. ಭೂತಕಾಲದ ನಿಯಮವು ಅವಳ ಮನಸ್ಸಿನಲ್ಲಿ ನೆಲೆಗೊಂಡು, ಅದಕ್ಕೆ ಹೊರತಾದ ಶಬ್ದಗಳು ಇನ್ನೂ ತಿಳಿಯದಿರುವದಕ್ಕೆ ಇದು ಗುರುತು. ನಮ್ಮ ಅಭಿಪ್ರಾಯದಲ್ಲಿ ಇದು ಒಳ್ಳೆಯ ಗುರುತೇ. ಮೀನನ್ನು ಕುರಿತು ‘ಹಿ’ ಎಂದು ಬರೆದವಳನ್ನು ನೋಡಿ ನಗಬೇಕಾದುದಿಲ್ಲ. ಕನ್ನಡದ ಬಂಗುಡೆಯು ‘ಅದು’ವಾದರೂ ಕೊಂಕಣಿಯ ಬಾಂಗಡೊ ಪುಲ್ಲಿಂಗವಷ್ಟೆ! ‘ನೈಟ್’ ಎಂಬುದಕ್ಕೆ ಎನ್, ಎ, ಐ, ಟಿ ಎಂದು ಬರೆದವಳು ನುಡಿದಂತೆ ಬರೆಯುವ ನಮ್ಮ ಲಿಪಿಯ ನ್ಯಾಯವನ್ನೇ ಅಲ್ಲಿಗೂ ಒಯ್ದಿದ್ದಾಳೆ.

ಇನ್ನೊಂದು ಸಂಗತಿಯು ಪಾಲಕರಿಗೆ ಆಶ್ಚರ್ಯವೆನಿಸಬಹುದು. ಹುಡುಗಿಯು ಮುಂದುವರಿದಂತೆ ಕೆಲ ಕಾಲ ತಪ್ಪುಗಳು ಹೆಚ್ಚುವದುಂಟು. ಮೂರು ಶಬ್ದಗಳ ವಾಕ್ಯಗಳನ್ನೇ ಬರೆಯುತ್ತಿದ್ದವಳು ‘ಬಿಕಾಜ್’, ‘ವೆನ್’ ಎಂದು ಎರಡು ಮಾತುಗಳನ್ನು ಜೋಡಿಸಲು ಧೈರ್ಯಮಾಡಿದೊಡನೆ ಎಡವುತ್ತಾಳೆ. ಕೆಂಪು ಮಸಿಯ ಗೆರೆಗಳನ್ನಷ್ಟೇ ಎಣಿಸುವವರಿಗೆ ಇವಳು ಹಿಂದೆ ಬಿದ್ದಂತೆ ಕಾಣುವಳು. ಬಾಯಿಪಾಠಮಾಡಿದ ‘ಹಸು’ವಿನ ನಿಬಂಧವನ್ನು ನಿರ್ದೋಷವಾಗಿ ಇಳಿಸಿದವಳು ಮುಂದಿರುವಂತೆ ತೋರುವಳು.

ಹಾಗಾದರೆ ಅಳೆಯುವದು ಹೇಗೆ? ಕಂಠಪಾಠಕ್ಕೆ ಸಿಗದ, ಆದರೆ ಅವಳು ಕಣ್ಣಾರೆ ಕಂಡ ವಿಷಯವನ್ನು ಕೊಡಬೇಕು: ದೋಣಿಗಳು ದಂಡೆಗೆ ಮರಳುವ ಹೊತ್ತು, ಮೀನು ಪೇಟೆ, ಮಳೆಗಾಲದಲ್ಲಿ ಬಲೆಯನ್ನು ದುರಸ್ತಿಮಾಡುವದು. ಅರ್ಧ ಗಂಟೆಯ ಅವಧಿ ಸಾಕು. ಬರೆದುದನ್ನು ಮೊದಲು ಅರ್ಥಕ್ಕಾಗಿಯೇ ಓದಬೇಕು. ಹೇಳಬೇಕಾದುದು ನಮಗೆ ಮುಟ್ಟಿತೋ? ಎರಡನೆಯ ಸಲ ವಾಕ್ಯಗಳ ಜೋಡಣೆಯನ್ನು ನೋಡಬೇಕು. ಕಾಗುಣಿತದ ಸರದಿ ಕೊನೆಯದು. ಬೇರೊಂದು ದಿನ ಅದೇ ವಿಷಯವನ್ನು ಕನ್ನಡದಲ್ಲಿ ಬರೆಯಿಸಿ ಎರಡನ್ನೂ ಹೋಲಿಸುವದು ಇವೆಲ್ಲಕ್ಕಿಂತ ಪ್ರಯೋಜನಕಾರಿ. ಕನ್ನಡದಲ್ಲಿ ಎರಡು ಪುಟಗಳನ್ನು ಸ್ವಾರಸ್ಯವಾಗಿ ತುಂಬಿದವಳ ಕೊರತೆಯು ಇಂಗ್ಲಿಷ್ ಶಬ್ದಗಳದು ಮಾತ್ರ. ಕನ್ನಡದಲ್ಲಿಯೂ ನಾಲ್ಕೇ ಸಾಲಿಗೆ ನಿಂತವಳಿಗೆ ಬೇಕಾದ ಸಹಾಯವೇ ಬೇರೆ. ಇವರಿಬ್ಬರಿಗೂ ಒಂದೇ ವ್ಯಾಕರಣದ ಅಭ್ಯಾಸವನ್ನು ಕೊಡುವದು ವ್ಯರ್ಥವು.

ಯುರೋಪಿನ ಪರಿಷತ್ತು 2001ರಲ್ಲಿ ಪ್ರಕಟಿಸಿದ ಭಾಷಾಮಟ್ಟಗಳ ಚೌಕಟ್ಟಿನಲ್ಲಿ ಆರು ಮೆಟ್ಟಿಲುಗಳಿವೆ. ಅವು ಅಂಕಗಳಲ್ಲ, ವರ್ಣನೆಗಳು. ಮೊದಲನೆಯದರಲ್ಲಿ ಕಲಿಯುವವರು ಬಿಡಿಬಿಡಿಯಾದ ಸರಳ ವಾಕ್ಯಗಳನ್ನು ಬರೆಯಬಲ್ಲರು, ಎರಡನೆಯದರಲ್ಲಿ ಅವುಗಳನ್ನು ‘ಆ್ಯಂಡ್’, ‘ಬಟ್’, ‘ಬಿಕಾಜ್’ಗಳಿಂದ ಕೂಡಿಸಬಲ್ಲರು, ಮೂರನೆಯದರಲ್ಲಿ ಪರಿಚಿತ ವಿಷಯವನ್ನು ಕುರಿತು ಒಂದಕ್ಕೊಂದು ಹೊಂದಿದ ಬರಹವನ್ನು ರಚಿಸಬಲ್ಲರು. ಅದು ನಮ್ಮ ಕರಾವಳಿಯ ಮಕ್ಕಳಿಗಾಗಿ ಹುಟ್ಟಿದುದಲ್ಲವಾದರೂ, ‘ಏನು ಬಾರದು’ ಎಂಬುದನ್ನು ಬಿಟ್ಟು ‘ಏನು ಬಲ್ಲಳು’ ಎಂದು ಕೇಳುವ ಅದರ ರೀತಿಯು ನಮಗೆ ಗ್ರಾಹ್ಯವಾಗಿ ಕಾಣುತ್ತದೆ. ಒಂದೇ ಬರಹದಿಂದ ಮೆಟ್ಟಿಲನ್ನು ನಿರ್ಣಯಿಸಲಾಗದು. ಪತ್ರ, ಕಥೆ, ವರ್ಣನೆ ಇವುಗಳನ್ನು ತಾರೀಖಿನೊಂದಿಗೆ ಒಂದು ಕಡತದಲ್ಲಿ ಕೂಡಿಡಬೇಕು. ಸಾಧ್ಯವಾದರೆ ಇಬ್ಬರು ಶಿಕ್ಷಕಿಯರು ಬೇರೆ ಬೇರೆಯಾಗಿ ಓದಬೇಕು. ಒಬ್ಬರ ಕಣ್ಣಿಗೆ ಅಕ್ಷರದ ಅಂದವೇ ದೊಡ್ಡದಾಗಿ ಕಾಣುವ ಅಪಾಯವುಂಟು.

ಇಂಗ್ಲಿಷ್ ಅರಿಯದ ತಾಯಂದಿರು ‘ನಮ್ಮಿಂದೇನಾದೀತು’ ಎನ್ನಬಾರದು. ಮಗಳು ಬರೆದುದನ್ನು ಗಟ್ಟಿಯಾಗಿ ಓದಿಸಿ, ಅದರಲ್ಲಿ ಏನಿದೆಯೆಂದು ಕೊಂಕಣಿಯಲ್ಲಿ ಹೇಳಿಸಿರಿ. ತನ್ನ ಮಾತನ್ನೇ ಬರೆದವಳು ಸಾಲುಸಾಲಾಗಿ ಹೇಳಿ, ಬರೆಯಲಾರದೆ ಬಿಟ್ಟುದನ್ನೂ ಸೇರಿಸುವಳು. ಬರೆದುದು ನೋಡಿ ಇಳಿಸಿದ್ದಾದರೆ ಎರಡನೆಯ ಸಾಲಿಗೇ ತಡವರಿಸುವಳು.