ಬೇರಿಗೂ ಉಸಿರು ಬೇಕು

ಕುಂಡದ ಗಿಡ ಬಾಡಿತೆಂದರೆ ನಮ್ಮ ಕೈ ಮೊದಲು ಹೋಗುವುದು ನೀರಿನ ಚೊಂಬಿಗೆ. ಆ ಒಂದು ಕ್ಷಣ ಕೈ ತಡೆದು, ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡುವುದನ್ನು ಕಲಿಸುವುದೇ ಈ ಅಧ್ಯಾಯದ ಉದ್ದೇಶ.

ಎಲೆ ಹೇಳುವ ಸಣ್ಣಪುಟ್ಟ ದೂರುಗಳನ್ನು ಬೇಗ ಮುಗಿಸಿಬಿಡೋಣ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗುತ್ತಿದ್ದರೆ ಸಾರಜನಕ ಸಾಲದು. ಹೊಸ ಎಲೆಯೇ ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಸಾರಜನಕವನ್ನು ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡಲು ಗಿಡಕ್ಕೆ ಬರುತ್ತದೆ, ಕಬ್ಬಿಣವನ್ನು ಹಾಗೆ ಸಾಗಿಸಲು ಆಗುವುದಿಲ್ಲ, ವ್ಯತ್ಯಾಸ ಅಷ್ಟೇ. ಎಲೆಯ ಬುಡದಲ್ಲಿ ಹತ್ತಿಯಂಥ ಬಿಳಿ ಮುದ್ದೆ ಕಂಡರೆ ಅದು ಹಿಟ್ಟು ತಿಗಣೆ. ಒದ್ದೆ ಬಟ್ಟೆಯಿಂದ ಒರೆಸಿ, ಬೇವಿನೆಣ್ಣೆ ಬೆರೆಸಿದ ಸಾಬೂನು ನೀರು ಸಿಂಪಡಿಸಿ. ಡ್ರಸೀನಾ, ಸ್ಪೈಡರ್ ಪ್ಲಾಂಟ್‌ಗಳ ಎಲೆತುದಿ ಕಂದಾಗಿ ಒಣಗಿದರೆ ನೀರಿನ ಗುಣವನ್ನೂ ಅನುಮಾನಿಸಿ. ಈ ಎರಡು ಗಿಡಗಳಿಗೆ ಫ್ಲೋರೈಡ್ ಆಗಿಬರುವುದಿಲ್ಲ. ಕೋಲಾರದ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಇರುವುದೂ ಅದೇ. ಮಳೆನೀರು ಹಿಡಿದಿಟ್ಟು ಹಾಕಿದರೆ ಮುಂದೆ ಬರುವ ಎಲೆಗಳು ಚೊಕ್ಕವಾಗಿರುತ್ತವೆ.

ಇನ್ನು ಮುಖ್ಯ ವಿಷಯ. ಮಣ್ಣು ಒದ್ದೆಯಾಗಿದೆ, ಆದರೂ ಪೀಸ್ ಲಿಲಿ ಜೋಲುಬಿದ್ದಿದೆ. ನೀರಿನಲ್ಲೇ ನಿಂತ ಗಿಡಕ್ಕೆ ಬಾಯಾರಿಕೆ ಹೇಗೆ?

ಹಸಿರು ಎಲೆ ಬೆಳಕಿನಲ್ಲಿ ಆಮ್ಲಜನಕ ತಯಾರಿಸುತ್ತದೆ ಎಂದು ಶಾಲೆಯಲ್ಲಿ ಓದಿದವರು ಬೇರಿಗೂ ಆಮ್ಲಜನಕ ಬೇಕೆಂಬುದನ್ನು ಮರೆತುಬಿಡುತ್ತಾರೆ. ಕತ್ತಲಲ್ಲಿರುವ ಬೇರು ನಮ್ಮ ಹಾಗೆಯೇ ಉಸಿರಾಡಿ ಬದುಕಬೇಕು. ಅದರ ಗಾಳಿ ಇರುವುದು ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ. ಆ ಸಂದುಗಳಲ್ಲಿ ನೀರು ತುಂಬಿ ನಿಂತರೆ ಕಥೆ ಮುಗಿಯಿತು: ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಇದ್ದಷ್ಟನ್ನು ಮಣ್ಣಿನ ಸೂಕ್ಷ್ಮಜೀವಿಗಳೂ ಹಂಚಿಕೊಳ್ಳುತ್ತವೆ. ಆಮ್ಲಜನಕ ಇದ್ದಾಗ ಒಂದು ಸಕ್ಕರೆ ಅಣುವಿನಿಂದ ಶಕ್ತಿಯ ನಾಣ್ಯಗಳಂತಿರುವ ಎಟಿಪಿ ಅಣುಗಳನ್ನು ಸುಮಾರು 30 ಗಳಿಸುತ್ತಿದ್ದ ಜೀವಕೋಶಕ್ಕೆ ಈಗ ದಕ್ಕುವುದು 2 ಮಾತ್ರ. ಕೋಶದೊಳಗಿನ ರಸ ಹುಳಿಯಾಗತೊಡಗುತ್ತದೆ.

ಇಲ್ಲಿಂದ ಮುಂದಿನದು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸದ ಭಾಗ. ಕೋಶದ ಪೊರೆಯಲ್ಲಿ ನೀರು ಒಳಬರಲೆಂದೇ ಅಕ್ವಾಪೋರಿನ್ ಎಂಬ ಪುಟ್ಟ ಬಾಗಿಲುಗಳಿವೆ. ಇವನ್ನು ಕಂಡುಹಿಡಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಕೋಶರಸ ಹುಳಿಯಾದಾಗ ಬೇರಿನ ಈ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರೇ ನೀರು, ಒಳಗೆ ಬರಲು ದಾರಿಯಿಲ್ಲ. ಎಲೆ ಜೋಲುತ್ತದೆ, ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಉಸಿರುಗಟ್ಟಿದ ಬೇರಿನಲ್ಲಿ ಕೊಳೆ ರೋಗದ ಪಿತಿಯಮ್ ಸುಲಭವಾಗಿ ಮನೆ ಮಾಡುತ್ತದೆ.

ಇಷ್ಟು ಹೇಳಿದೊಡನೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹಾಗಾದ್ರೆ ಬಾಟಲಿ ನೀರಲ್ಲಿ ಮನಿ ಪ್ಲಾಂಟ್ ವರ್ಷಗಟ್ಟಲೆ ಬದುಕತ್ತಲ್ಲ?" ತುಂಬ ಒಳ್ಳೆಯ ಪ್ರಶ್ನೆ. ಆ ಬೇರುಗಳು ನೀರಿನಲ್ಲೇ ಹುಟ್ಟಿದವು; ಎಲೆಯ ಕಡೆಯಿಂದ ಗಾಳಿ ಇಳಿದುಬರುವಂಥ ಪೊಳ್ಳು ಸಂದುಗಳು ಅವುಗಳೊಳಗೆ ಬೆಳೆದಿರುತ್ತವೆ. ಬಾಟಲಿಯ ತಿಳಿನೀರಿನಲ್ಲಿ ಆಮ್ಲಜನಕ ಕಬಳಿಸುವ ಗೊಬ್ಬರ, ಕೊಳೆತ ಎಲೆ ಇಲ್ಲ. ಭತ್ತ ಕೆಸರುಗದ್ದೆಯಲ್ಲಿ ನಿಲ್ಲುವುದೂ ಇಂಥ ಗಾಳಿಕೊಳವೆಗಳ ಬಲದಿಂದ. ಅಡಿಕೆಗೆ ಆ ಶಕ್ತಿಯಿಲ್ಲ, ಅದಕ್ಕೇ ಮಲೆನಾಡಿನ ತೋಟಗಳಲ್ಲಿ ಬಸಿಗಾಲುವೆ ತೆಗೆಯುತ್ತಾರೆ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎನ್ನುವವರು ಪಾತ್ರೆ ತೊಳೆಯುವ ಸ್ಪಂಜೊಂದನ್ನು ನೀರಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಮಣ್ಣೂ ಹೀಗೆಯೇ ತನ್ನ ತಳದ ಒಂದಷ್ಟು ಎತ್ತರದವರೆಗೆ ನೀರನ್ನು ಬಿಗಿಹಿಡಿದಿರುತ್ತದೆ. ಜಲ್ಲಿ ಹಾಕಿದಾಗ ಆ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಏರುತ್ತದೆ. ಜಲ್ಲಿ ಬಿಟ್ಟುಬಿಡಿ, ತಳದಲ್ಲಿ ತೂತಿರಲಿ, ಮಣ್ಣಿಗೇ ದಪ್ಪ ಮರಳು, ಇದ್ದಿಲ ಚೂರು ಬೆರೆಸಿ.

ಅನುಮಾನ ಬಂದರೆ ಗಿಡವನ್ನು ಕುಂಡದಿಂದ ಹೊರತೆಗೆದು ನೋಡಲು ಅಂಜಬೇಡಿ. ಬೆಳ್ಳಗೆ ಗಟ್ಟಿಯಾಗಿರುವ ಬೇರು ಆರೋಗ್ಯದ್ದು. ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರಿ ನಾರು ಮಾತ್ರ ಉಳಿಯುವ, ನಾತ ಹೊಡೆಯುವ ಬೇರನ್ನು ಕತ್ತರಿಸಿ ತೆಗೆಯಿರಿ. ಹೊಸ, ಹಗುರ ಮಣ್ಣಿಗೆ ನೆಟ್ಟು ನೆರಳಿನಲ್ಲಿಡಿ. ಚೇತರಿಸುವ ತನಕ ಗೊಬ್ಬರ ಬೇಡ. ಗಾಯಗೊಂಡ ಬೇರಿಗೆ ಅದು ಉರಿ.

ಬೇರಿನ ಉಸಿರನ್ನು ಕುರಿತ ಓದು ಮನೆಯೊಳಗಿನ ಕುಂಡಕ್ಕೇ ನಿಲ್ಲುವುದಿಲ್ಲ. ಒಡಿಶಾದ ಎಫ್ಆರ್13ಎ ಎಂಬ ಭತ್ತ ಪೂರ್ತಿ ಮುಳುಗಿದರೂ ಸುಮಾರು ಎರಡು ವಾರ ತಾಳಿಕೊಳ್ಳುತ್ತದೆ. ಅದಕ್ಕೆ ಕಾರಣವಾದ ಸಬ್1ಎ ವಂಶವಾಹಿಯನ್ನು 2006ರಲ್ಲಿ ಗುರುತಿಸಿದರು. ಅದನ್ನು ಸೇರಿಸಿಕೊಂಡ ಸ್ವರ್ಣ-ಸಬ್1 ತಳಿ 2009ರಲ್ಲಿ ನಮ್ಮ ರೈತರ ಕೈಗೆ ಬಂತು. ಜೀವಶಾಸ್ತ್ರ ಓದುತ್ತಿರುವ ಮಗಳೋ ಮೊಮ್ಮಗನೋ ಮನೆಯಲ್ಲಿದ್ದರೆ ಮನಿ ಪ್ಲಾಂಟಿನ ಎರಡು ಕಡ್ಡಿ ಕೊಡಿ. ಒಂದನ್ನು ಬಾಟಲಿಗೆ, ಒಂದನ್ನು ಮಣ್ಣಿಗೆ ಹಾಕಲಿ. ತಿಂಗಳಾದ ಮೇಲೆ ಎರಡರ ಬೇರನ್ನೂ ಅಡ್ಡಕ್ಕೆ ತೆಳುವಾಗಿ ಕೊಯ್ದು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಆ ಪೊಳ್ಳುಗಳನ್ನು ಹುಡುಕಲಿ.