ಬೆಂಗಳೂರಿನಲ್ಲಿ ಸದ್ವಿನೋದದ ತಾಣಗಳು

ವಿನೋದವು ಗೃಹಸ್ಥಧರ್ಮಕ್ಕೆ ಹೊರಗಾದುದಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಗಣಿಸುವಾಗ ಶೃಂಗಾರದ ಮಗ್ಗುಲಲ್ಲಿಯೇ ಹಾಸ್ಯಕ್ಕೆ ಆಸನವನ್ನಿತ್ತಿರುವನು. ನಗೆಯಲ್ಲಿ ಆರು ಬಗೆಗಳುಂಟೆಂದೂ, ಸ್ಮಿತ ಹಸಿತಗಳು ಉತ್ತಮರಿಗೂ, ವಿಹಸಿತ ಉಪಹಸಿತಗಳು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳು ಅಧಮರಿಗೂ ಸಲ್ಲುವುವೆಂದೂ ವಿಂಗಡಿಸಿರುವನು.

ಈಗಿನ ಮನೆಗಳಲ್ಲಿ ತಂದೆ, ತಾಯಿ, ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತು ತಮ್ಮ ತಮ್ಮ ಮೊಬೈಲಿನೊಳಗೆ ಬೇರೆ ಬೇರೆಯಾಗಿ ನಗುತ್ತಿರುವರು. ನಗೆಯಾದರೋ ಒಬ್ಬರಿಂದೊಬ್ಬರಿಗೆ ಹಬ್ಬತಕ್ಕ ಗುಣವುಳ್ಳದ್ದು. ಹಂಚಿಕೊಳ್ಳದ ನಗೆಯು ಒಂಟಿಯೂಟದಂತೆ. ಹೊಟ್ಟೆ ತುಂಬಿದರೂ ಮನಸ್ಸು ತುಂಬದು. ಆದಕಾರಣ ಕುಟುಂಬಸಮೇತರಾಗಿ ಹೋಗಿ ನಗಬಹುದಾದ ಎಡೆಗಳನ್ನು ವಾಚಕರಿಗೆ ಇಲ್ಲಿ ಅರಿಕೆ ಮಾಡುವೆನು.

ಮೊದಲನೆಯದು ನಾಟಕ. ಟಿ. ಪಿ. ಕೈಲಾಸಂ (1884–1946) ಅವರು ಪುರಾಣದ ಕಿರೀಟಗಳನ್ನು ಬದಿಗಿಟ್ಟು, ನಮ್ಮ ನಡುಮನೆಯನ್ನೇ ರಂಗಕ್ಕೆ ತಂದರು. ಅವರ ‘ಟೊಳ್ಳುಗಟ್ಟಿ’ಯಲ್ಲಿ ಪರೀಕ್ಷೆಯಲ್ಲಿ ಮುಂದಾದ ಮಗನಿಗಿಂತ ಹಿಂದುಳಿದ ಮಗನೇ ಕಷ್ಟಕಾಲದಲ್ಲಿ ಮನೆಗೆ ಆಸರೆಯಾಗುವನು. ಅಂಕಗಳನ್ನೇ ಎಣಿಸುತ್ತ ಆಯುಷ್ಯ ಸವೆಸಿದ ನನ್ನಂತಹ ಉಪಾಧ್ಯಾಯರು ಅದನ್ನು ನೋಡಿ ನಗುವಾಗ ಒಳಗೊಂದು ಚುರುಕು ಮುಟ್ಟದಿರದು. ಮಾಸ್ಟರ್ ಹಿರಣ್ಣಯ್ಯನವರು (2019ರಲ್ಲಿ ದಿವಂಗತರಾದರು) ‘ಲಂಚಾವತಾರ’ದಲ್ಲಿ ಅಂದಂದಿನ ಸುದ್ದಿಯನ್ನು ಮಾತಿನೊಳಗೆ ಹೆಣೆದು, ಅಧಿಕಾರಸ್ಥರನ್ನು ಅವರೆದುರಿಗೇ ಹಂಗಿಸಿದರು.

ಇಂತಹ ಆಟಗಳನ್ನು ನೋಡಲಿಚ್ಛಿಸುವವರು ಜೆ. ಸಿ. ರಸ್ತೆಯಲ್ಲಿ 1963ರಿಂದ ಇರುವ ರವೀಂದ್ರ ಕಲಾಕ್ಷೇತ್ರ, ಅದರ ಹಿಂಬದಿಯ ಸಂಸ ಬಯಲು ರಂಗಮಂದಿರ, ಹನುಮಂತನಗರದ ಕೆ. ಹೆಚ್. ಕಲಾಸೌಧ ಇವುಗಳ ಕಾರ್ಯಕ್ರಮಗಳನ್ನು ವಿಚಾರಿಸತಕ್ಕದ್ದು. ಜೆ. ಪಿ. ನಗರದ ರಂಗಶಂಕರವು ನಟ ಶಂಕರನಾಗ್ ಅವರ ಸ್ಮರಣಾರ್ಥವಾಗಿ 2004ರಲ್ಲಿ ತೆರೆಯಲ್ಪಟ್ಟಿತು. ಅಲ್ಲಿ ಆಟ ಆರಂಭವಾದ ಬಳಿಕ ಬಂದವರಿಗೆ ಪ್ರವೇಶವಿಲ್ಲ; ವೇಳೆಗೆ ಬೆಲೆ ಕೊಡುವ ಈ ಕಟ್ಟುಪಾಡನ್ನು ಮೆಚ್ಚಲೇಬೇಕು.

ಎರಡನೆಯದು ಹಾಸ್ಯಭಾಷಣ. ಗಣೇಶೋತ್ಸವ, ರಾಜ್ಯೋತ್ಸವಗಳ ಕಾಲದಲ್ಲಿ ಬಡಾವಣೆಗಳಲ್ಲಿ ‘ಹಾಸ್ಯಸಂಜೆ’ಗಳು ನಡೆಯುವುವು, ಅನೇಕ ಕಡೆ ಪ್ರವೇಶಶುಲ್ಕವೂ ಇಲ್ಲ. ಪ್ರೊ. ಎಂ. ಕೃಷ್ಣೇಗೌಡ, ಗಂಗಾವತಿ ಪ್ರಾಣೇಶ ಮೊದಲಾದವರು ಈ ಬಗೆಯಲ್ಲಿ ಹೆಸರಾದವರು. ಅಜ್ಜಿಯೂ ಮೊಮ್ಮಗನೂ ಒಂದೇ ಮಾತಿಗೆ ನಗುವುದನ್ನು ಇಲ್ಲಿ ಕಾಣಬಹುದು.

ಮೂರನೆಯದು ತರುಣರು ‘ಸ್ಟ್ಯಾಂಡ್‌ಅಪ್’ ಎಂದು ಕರೆಯುವ ಏಕವ್ಯಕ್ತಿವಿನೋದ. ವೇಷವಿಲ್ಲ, ಪರದೆಯಿಲ್ಲ, ಒಬ್ಬನೇ ನಿಂತು ತನ್ನ ಬಾಳಿನ ಪೇಚಾಟಗಳನ್ನು ಹೇಳುವನು. ಇಂದಿರಾನಗರ, ಕೋರಮಂಗಲಗಳ ಕಾಫಿಗೃಹಗಳಲ್ಲಿಯೂ ಚಿಕ್ಕ ಸಭಾಂಗಣಗಳಲ್ಲಿಯೂ ಇದು ನಡೆಯುವುದು. ಇಂಗ್ಲಿಷು, ಹಿಂದಿಗಳೊಡನೆ ಕನ್ನಡದಲ್ಲಿಯೂ ಉಂಟು. ‘ಓಪನ್ ಮೈಕ್’ ಎಂಬ ದಿನಗಳಲ್ಲಿ ಹೊಸಬರು ಕೆಲವೇ ನಿಮಿಷ ಮಾತನಾಡಿ ತಮ್ಮ ಶಕ್ತಿಯನ್ನು ಪರೀಕ್ಷಿಸಿಕೊಳ್ಳುವರು. ಅವರು ಎಡವಿದಾಗ ಸಭಿಕರು ಸೈರಣೆಯಿಂದಿರುವುದೇ ಮರ್ಯಾದೆ. ಇಲ್ಲಿ ಮಾತಿನ ಬಿಗಿ ಸಡಿಲವಾಗಿರುವುದರಿಂದ ಮಕ್ಕಳನ್ನು ಕರೆದೊಯ್ಯುವ ಮುನ್ನ ಟಿಕೆಟಿನಲ್ಲಿ ಸೂಚಿಸಿದ ವಯೋಮಿತಿಯನ್ನು ನೋಡತಕ್ಕದ್ದು.

ಒಳ್ಳೆಯ ಹಾಸ್ಯವನ್ನು ಗುರುತಿಸುವ ಬಗೆ ಹೇಗೆ? ನಗೆಯ ಬಾಣವು ಯಾರ ಕಡೆಗೆ ತಿರುಗಿದೆಯೆಂಬುದನ್ನು ನೋಡಿರಿ. ಕುಂಟನನ್ನೂ ತೊದಲನನ್ನೂ ಬಡವನನ್ನೂ ಸೊಸೆಯನ್ನೂ ಹಂಗಿಸಿ ನಗಿಸುವುದು ಸುಲಭವಾದ ಕೆಲಸ. ಡಂಭ, ಲೋಭ, ಅಧಿಕಾರಮದಗಳನ್ನು ಬಯಲಿಗೆಳೆದು, ನೋಡುವವನಲ್ಲಿಯೂ ಅದರ ಅಂಶವಿದೆಯೆಂದು ತೋರಿಸುವುದೇ ಕಷ್ಟ. ಮೊದಲನೆಯದನ್ನು ನೋಡಿ ಬಂದವನು ಮನೆಯಲ್ಲಿ ದುರ್ಬಲರನ್ನು ಅಣಕಿಸಲು ಕಲಿಯುವನು. ಎರಡನೆಯದನ್ನು ಕಂಡವನು ತನ್ನನ್ನು ತಾನೇ ನೋಡಿ ನಗಲು ಕಲಿಯುವನು. ತನ್ನನ್ನು ನೋಡಿ ನಗಬಲ್ಲ ಯಜಮಾನನಿರುವ ಮನೆಯಲ್ಲಿ ಕಲಹವು ಬಹುಕಾಲ ನಿಲ್ಲದು.

ಟಿಕೆಟನ್ನು ಕೊಂಡೇ ನಾಟಕ ನೋಡಿರಿ. ಪುಕ್ಕಟೆ ಪಾಸಿಗಾಗಿ ಕಾಯುವವರು ಎಷ್ಟೇ ಚಪ್ಪಾಳೆ ತಟ್ಟಿದರೂ ದೀಪದ ಖರ್ಚು ಹುಟ್ಟದು. ದಿನಪತ್ರಿಕೆಯಲ್ಲಿ ಈ ವಾರದ ಕಾರ್ಯಕ್ರಮಗಳನ್ನು ನೋಡಿ, ಒಂದು ಸಂಜೆಯನ್ನು ಮನೆಯವರೆಲ್ಲರೂ ಕೂಡಿ ಗೊತ್ತುಮಾಡಿಕೊಳ್ಳಿರಿ.