ಗೋಡೆಯ ಮೇಲೆ ನಮ್ಮದೇ ನೆರಳು

ಕೊರಟಗೆರೆಗೆ ಟೂರಿಂಗ್ ಟಾಕೀಸ್ ಬಂದರೆ ನಾವು ಹುಡುಗರು ನೆಲದ ಟಿಕೆಟ್ಟಿನವರು. ರೀಲು ಬದಲಿಸಿ ಬೆಳಕು ಬಿಟ್ಟ ಮೇಲೆ ಚಿತ್ರ ಶುರುವಾಗಲು ಒಂದೆರಡು ಕ್ಷಣ ಹಿಡಿಯುತ್ತಿತ್ತು. ಅಷ್ಟರಲ್ಲೇ ಎದ್ದು ನಿಂತು, ಆ ಬೆಳಕಿಗೆ ಕೈ ಒಡ್ಡಿ, ಪರದೆಯ ಮೇಲೆ ನಾಯಿ, ಮೊಲ ಕುಣಿಸುತ್ತಿದ್ದೆವು. ಹಿಂದಿನಿಂದ ಯಾರಾದರೂ ತಲೆಗೆ ಮೊಟಕುವವರೆಗೆ ಪರದೆ ನಮ್ಮದೇ! ಆ ಸಿನಿಮಾಗಳ ಕಥೆ ಮರೆತಿದೆ, ಮೊಲ ಮರೆತಿಲ್ಲ.

ಮಕ್ಕಳೇ, ಈ ಆಟವನ್ನೇ ಹೋಲುವ ದೊಡ್ಡದೊಂದು ಕಲೆ ಇದೆಯೆಂದು ನನಗೆ ಗೊತ್ತಾದದ್ದು ಎಪ್ಪತ್ತು ದಾಟಿದ ಮೇಲೆ, ಆರನೇ ತರಗತಿಯ ಮೊಮ್ಮಗಳಿಂದ. ಅಮೆರಿಕದ ಮೈರನ್ ಕ್ರೂಗರ್ 1970ರಲ್ಲಿ 'ಮೆಟಾಪ್ಲೇ' ಎಂಬುದನ್ನು ಮಾಡಿದರು. ನೋಡಲು ಬಂದವರ ಚಿತ್ರವೇ ಪರದೆಯ ಮೇಲೆ ಮೂಡುತ್ತಿತ್ತು. ಬೇರೆ ಕಟ್ಟಡದಲ್ಲಿ ಕುಳಿತವನೊಬ್ಬ ಅದರ ಮೇಲೆ ಗೆರೆ ಎಳೆಯುತ್ತಿದ್ದ. ಅವನ ಗೆರೆಗೆ ಇವರು ಕೈ ಆಡಿಸುವುದು, ಇವರ ಕೈಗೆ ಅವನು ಮತ್ತೊಂದು ಗೆರೆ ಎಳೆಯುವುದು. ಆಮೇಲೆ ಅವರ 'ವಿಡಿಯೊಪ್ಲೇಸ್' ಬಂತು. ಕ್ಯಾಮೆರಾ ನಮ್ಮನ್ನು ನೋಡುತ್ತದೆ, ಕಂಪ್ಯೂಟರು ನಮ್ಮ ಅಂಚನ್ನು ಗುರುತಿಸಿ ನೆರಳಿನಂತೆ ಪರದೆಗೆ ಹಾಕುತ್ತದೆ. ಅಲ್ಲೊಂದು ಪುಟಾಣಿ ಪ್ರಾಣಿ ನಮ್ಮ ನೆರಳನ್ನು ಹತ್ತಿಕೊಂಡು ತಲೆಯವರೆಗೂ ಬರುತ್ತದೆ. ನಾವು ಅಲ್ಲಾಡದಿದ್ದರೆ ಆಟವೇ ಇಲ್ಲ. ಮುಂಬಯಿಯ ಶಿಲ್ಪಾ ಗುಪ್ತಾ ಅವರ 2007ರ ಕೃತಿಯೊಂದರಲ್ಲೂ ನೆರಳೇ ಪಾತ್ರಧಾರಿ. ಮೇಲಿಂದ ಇಳಿದ ದಾರ ನಮ್ಮ ನೆರಳಿಗೆ ಅಂಟುತ್ತದೆ, ಆ ದಾರದ ಗುಂಟ ಏನೇನೋ ಸಾಮಾನು ಜಾರಿ ಬಂದು ಮೈಗೆ ಹತ್ತಿಕೊಳ್ಳುತ್ತದೆ. ಕೊಡವಿದರೂ ಬೇಗ ಬಿಡುವುದಿಲ್ಲವಂತೆ. ಮೂವತ್ತು ವರ್ಷ ಲೆಡ್ಜರು ಹೊತ್ತ ನನಗೆ ಇದು ಚೆನ್ನಾಗಿಯೇ ಅರ್ಥವಾಯಿತು.

ಕಳೆದ ದಸರಾ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಮಧುಗಿರಿ ದಾರಿಯಾಗಿ ಪಾವಗಡದ ಕಡೆಯ ನಮ್ಮ ಅಕ್ಕನ ಹಳ್ಳಿಗೆ ಹೋಗಿದ್ದೆ. ಆ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಕುಡಿದವರ ಹಲ್ಲಿಗೆ ಕಲೆ ಬೀಳುತ್ತದೆ, ಮೂಳೆ ಸಂದು ಬಿಗಿಯುತ್ತದೆ. ಅಕ್ಕನ ಕೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚಲೂ ಸೊಸೆಯೇ ಬೇಕು. ಅದಕ್ಕೇ ಯಾರಾದರೂ ಬಂದರೆ ಮೂಲೆ ಹಿಡಿದು ಕೂರುತ್ತಾಳೆ.

ಅಂದು ರಾತ್ರಿ ಕರೆಂಟು ಹೋಯಿತು. ಮೊಮ್ಮಗಳು ಟಾರ್ಚ್ ಹಚ್ಚಿ, ಗೋಡೆಯ ಮೇಲಿದ್ದ ಅಕ್ಕನ ನೆರಳಿಗೆ ತನ್ನ ಬೆರಳಿನ ನೆರಳನ್ನು ಹತ್ತಿಸತೊಡಗಿದಳು. ಮೊಣಕೈ ದಾಟಿ, ಭುಜ ಏರಿ, ಕೊನೆಗೆ ತಲೆಯ ಮೇಲೆ ಎರಡು ಬೆರಳು ಕುಣಿದವು. ವಿಡಿಯೊಪ್ಲೇಸಿನ ಪ್ರಾಣಿಯೇ ಅದು, ಕಂಪ್ಯೂಟರಿಲ್ಲದೆ!

"ಏಯ್, ಇಳಿಯೇ ಕೆಳಗೆ" ಎಂದು ಅಕ್ಕ ಗದರಿದಳು. ಗದರುವಾಗಲೇ ಕೈ ಬೀಸಿದಳು. ಎದೆ ಮಟ್ಟಕ್ಕೆ ಬಂದಿತೇನೋ, ಅಷ್ಟೇ.

ಮೊಮ್ಮಗಳು ಸುಮ್ಮನಿದ್ದು ಯೋಚಿಸಿದಳು. ಆಮೇಲೆ ಟಾರ್ಚನ್ನು ನೆಲಕ್ಕಿಟ್ಟು, ಅಕ್ಕನ ಹತ್ತಿರಕ್ಕೆ ಸರಿಸಿದಳು. ಬೆಳಕು ಕೆಳಗಿಂದ ಬಿದ್ದರೆ ನೆರಳು ಮೇಲೇರುತ್ತದೆ, ಹತ್ತಿರದಿಂದ ಬಿದ್ದರೆ ದೊಡ್ಡದಾಗುತ್ತದೆ ತಾನೇ? ಅಕ್ಕ ಮತ್ತೆ ಕೈ ಆಡಿಸಿದಳು. ಈ ಸಲ ಕೈಯ ನೆರಳು ಗೋಡೆ ಹತ್ತಿ ತೊಲೆಯನ್ನು ಮುಟ್ಟಿತು.

ಅಕ್ಕ ಕತ್ತೆತ್ತಿ ಅದನ್ನೇ ನೋಡಿದಳು. ಇನ್ನೊಂದು ಸಲ ಬೀಸಿದಳು. ಕರೆಂಟು ಬಂದಾಗ, "ಲೈಟು ಆರಿಸ್ರೋ" ಎಂದವಳು ಅವಳೇ.